ಹಳ್ಳಿಮನೆ ಶೈಲಿಯ ಅಡುಗೆಮನೆ: ಒಲೆಯ ಹಿಂದಿನ ಗೋಡೆಗೆ ಯಾವ ಹೊದಿಕೆ?

ಕಲಬುರಗಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಹಳೆಯ ಕಲ್ಲಿನ ಮನೆಯನ್ನು ಕೆಡವದೆ ದುರಸ್ತಿ ಮಾಡಿಸುವವರಿಗೂ, ಹೊಸ ಮನೆಯಲ್ಲಿ ಅಡುಗೆಮನೆಯೊಂದನ್ನಾದರೂ ಹಳ್ಳಿಮನೆಯ ಹಾಗೆ, ಅಂದರೆ ಈಗಿನ ಮಾತಿನಲ್ಲಿ ‘ಕಾಟೇಜ್ ಶೈಲಿ’ಯಲ್ಲಿ, ಮಾಡಿಸಬೇಕೆನ್ನುವವರಿಗೂ ಕೆಲಸದ ನಡುವೆ ಒಂದೇ ಪ್ರಶ್ನೆ ಎದುರಾಗುತ್ತದೆ. ತೆರೆದ ಹಲಗೆ, ಗೋಡೆಯೊಳಗಿನ ಮಾಡ, ಮಂದ ಬಣ್ಣ ಇವೆಲ್ಲ ಬೇಗ ತೀರ್ಮಾನವಾಗುತ್ತವೆ. ಅಡುಗೆ ಕಟ್ಟೆಗೂ ಮೇಲಿನ ಹಲಗೆಗೂ ನಡುವೆ ಉಳಿಯುವ ಎರಡು ಅಡಿ ಗೋಡೆಗೆ ಏನು ಹಚ್ಚಬೇಕೆಂಬುದು ಮಾತ್ರ ಮನೆಮಂದಿಯ ನಡುವೆ ವಾರಗಟ್ಟಲೆ ಎಳೆದಾಡುತ್ತದೆ. ಕ್ಯಾಟಲಾಗುಗಳಲ್ಲಿ ಈ ಭಾಗಕ್ಕೆ ಬ್ಯಾಕ್‌ಸ್ಪ್ಲ್ಯಾಶ್ ಎಂಬ ಹೆಸರಿದೆ. ನಮ್ಮ ಗೌಂಡಿಗಳು ಡಾಡೋ ಎನ್ನುತ್ತಾರೆ. ನಾನೂ ಇಲ್ಲಿ ಡಾಡೋ ಎಂದೇ ಬರೆಯುತ್ತೇನೆ.

ನಮ್ಮ ಮನೆಯ ಡಾಡೋವನ್ನು ನಾನು ಎರಡು ಸಲ ಹಾಕಿಸಿದ್ದೇನೆ. ಮೊದಲ ಸಲ ಚಿತ್ರ ನೋಡಿ ಆರಿಸಿದೆ: ಬಿಳಿಯ, ಹೊಳಪಿಲ್ಲದ, ಕೈಯಲ್ಲಿ ತಟ್ಟಿ ಮಾಡಿದಂತೆ ತಗ್ಗುದಿನ್ನೆಯಿದ್ದ ಟೈಲ್ಸ್, ಸಂದಿಗಳಿಗೆ ಬಿಳಿ ಸಿಮೆಂಟು. ಮೂರು ತಿಂಗಳಾಗುವಷ್ಟರಲ್ಲಿ ಒಲೆಯ ಹಿಂದಿನ ಸಂದಿಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ರೊಟ್ಟಿ ಬಡಿಯುವಾಗ ಏಳುವ ಜೋಳದ ಹಿಟ್ಟು ಟೈಲ್ಸಿನ ತಗ್ಗುಗಳಲ್ಲಿ ಕೂತು, ಅದರ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದು, ಉಗುರಿನಿಂದ ಕೆರೆದರೂ ಬಿಡದ ಅಂಟು ಪದರವಾಗಿತ್ತು. ‘ಇದು ಗ್ವಾಡಿ ಅಲ್ಲ, ಹಿಟ್ಟಿನ ಜರಡಿ ಆಗ್ಯದ ನೋಡು’ ಎಂದರು ಅವ್ವ. ಆ ಟೈಲ್ಸಿನಲ್ಲಿ ದೋಷವೇನೂ ಇರಲಿಲ್ಲ. ಅದು ನಮ್ಮ ಅಡುಗೆಗೆ ಹೊಂದುವ ಸರಕಲ್ಲ, ಅಷ್ಟೆ. ಆದ್ದರಿಂದ ಸರಕಿನ ಹೆಸರುಗಳಿಗೆ ಹೋಗುವ ಮೊದಲು ಆ ಗೋಡೆಯ ಮೇಲೆ ದಿನವೂ ಏನು ಬೀಳುತ್ತದೆ ಎಂಬುದರಿಂದ ಹೊರಡುವುದು ಸರಿ.

ಮೊದಲು ಗೋಡೆಯನ್ನು ಮೂರು ಪಾಲು ಮಾಡಿ

ಸೀಮೆಸುಣ್ಣ ಹಿಡಿದು ಕಟ್ಟೆಯ ಮುಂದೆ ನಿಂತು ಗೋಡೆಯ ಮೇಲೆಯೇ ಗುರುತು ಹಾಕಿಕೊಳ್ಳಿ. ಒಲೆಯ ಅಗಲ, ಅದರ ಎಡಬಲಕ್ಕೆ ಒಂದೊಂದು ಅಡಿ, ಇದು ಮೊದಲ ಪಾಲು. ಸಾಸಿವೆ ಸಿಡಿಯುವುದು, ಕುಸುಬಿ ಎಣ್ಣೆ ಹಾರುವುದು, ಅರಿಶಿನ ಮತ್ತು ಖಾರದ ಪುಡಿ ಆವಿಯೊಡನೆ ಸೇರಿ ಅಂಟುವುದು ಇಲ್ಲಿಯೇ. ಚಿಮಣಿಯನ್ನು ಸಾಮಾನ್ಯವಾಗಿ ಒಲೆಯಿಂದ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸುವುದರಿಂದ ಈ ಪಾಲಿನ ಹೊದಿಕೆ ಅಲ್ಲಿಯವರೆಗೂ ಹೋಗಬೇಕು. ಉಳಿದ ಕಡೆಗಿಂತ ಇಲ್ಲಿ ಅರ್ಧ ಅಡಿ ಹೆಚ್ಚು ಎತ್ತರ ಬೇಕಾಗುತ್ತದೆ. ಎರಡನೆಯ ಪಾಲು ಸಿಂಕಿನ ಹಿಂದಿನದು. ಇಲ್ಲಿ ಎಣ್ಣೆಯ ಕಾಟವಿಲ್ಲ, ನೀರಿನದಿದೆ. ಸುಣ್ಣಕಲ್ಲಿನ ಮೇಲೆ ಕೂತಿರುವ ನಮ್ಮ ಭಾಗದ ಬೋರ್‌ವೆಲ್ ನೀರು ಆರಿದ ಕಡೆಯೆಲ್ಲ ಬಿಳಿ ಚುಕ್ಕೆ ಬಿಡುತ್ತದೆ. ನಳದ ಬುಡದಲ್ಲಿ ಗಟ್ಟಿಯಾಗುವ ಬಿಳಿ ಪೊರೆಯೇ ಗೋಡೆಯ ಮೇಲೂ ಕಟ್ಟುತ್ತದೆ, ನಿಧಾನವಾಗಿ. ಮೂರನೆಯದು ಒಣ ಗೋಡೆ: ರೊಟ್ಟಿಯ ಹಿಟ್ಟು ಹಾರುತ್ತದೆ, ಡಬ್ಬಿಗಳು ತಾಗುತ್ತವೆ, ಅದರಾಚೆ ಅದಕ್ಕೆ ಹೆಚ್ಚಿನ ಕಷ್ಟವಿಲ್ಲ.

ಈ ಮೂರಕ್ಕೂ ಒಂದೇ ಸರಕು ಹಾಕಬೇಕೆಂಬ ನಿಯಮವೇನೂ ಇಲ್ಲ. ಹಳ್ಳಿಮನೆಯ ನೋಟಕ್ಕೆ ಎರಡು ಸರಕು ಸೇರಿದರೆ ಇನ್ನೂ ಚೆನ್ನ. ಒಂದೇ ಹಾಸಿನಲ್ಲಿ ಇಡೀ ಗೋಡೆಯನ್ನು ಮುಚ್ಚಿದಾಗ ಅಡುಗೆಮನೆಗೆ ಆಸ್ಪತ್ರೆಯ ಕಳೆ ಬರುತ್ತದೆ.

ಸರಕಿಗಿಂತ ಮುಂಚೆ ಗೋಡೆಯ ತಪಾಸಣೆ

ಈ ಹಂತವನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು. ಹಳೆಯ ಮನೆಯಾದರೆ ಮೂರು ಸಂಗತಿಗಳನ್ನು ನೋಡಬೇಕು. ವರ್ಷಗಟ್ಟಲೆ ಕಟ್ಟಿಗೆ ಒಲೆ ಉರಿದ ಗೋಡೆಯ ಗಿಲಾವಿನೊಳಗೆ ಹೊಗೆ ಮತ್ತು ಜಿಡ್ಡು ಇಳಿದಿರುತ್ತವೆ. ಅದರ ಮೇಲೆ ಎಂಥ ಅಂಟು ಹಾಕಿದರೂ ಹಿಡಿಯುವುದಿಲ್ಲ. ಕಲ್ಲು ಕಾಣುವವರೆಗೆ ಕೆರೆದು ಹೊಸ ಗಿಲಾವು ಮಾಡಿಸುವುದೊಂದೇ ದಾರಿ. ಇನ್ನು, ಮಣ್ಣು ಅಥವಾ ಗಚ್ಚಿನಲ್ಲಿ ಕಟ್ಟಿದ ದಪ್ಪ ಗೋಡೆ ನೆಲದ ತೇವವನ್ನು ಹೀರಿ ತನ್ನ ಮೈಯಿಂದಲೇ ಹೊರಗೆ ಬಿಡುತ್ತದೆ. ಅಂಥ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೀರಾಡದ ಟೈಲ್ಸಿನಿಂದ ಮುಚ್ಚಿದರೆ ತೇವ ಪಕ್ಕಕ್ಕೆ ಸರಿದು ಬೇರೆ ಕಡೆ ಉಪ್ಪಾಗಿ ಉದುರತೊಡಗುತ್ತದೆ. ಇದಕ್ಕಾಗಿಯೇ ಹಳೆಯ ಮನೆಯಲ್ಲಿ ಡಾಡೋವನ್ನು ಬೇಕಾದಷ್ಟು ಎತ್ತರಕ್ಕೆ ಮಾತ್ರ ಹಾಕಿಸಿ, ಅದರ ಮೇಲೆ ಸುಣ್ಣವನ್ನೇ ಬಳಿಯಬೇಕು.

ಮೂರನೆಯದು ಬಿರುಕು, ಇದು ಹೊಸ ಮನೆಗೂ ಅನ್ವಯಿಸುತ್ತದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಅದರ ಮೇಲೆ ಪಾಯ ಸಾಲದ ಮನೆಯ ಗೋಡೆ ಪ್ರತಿವರ್ಷವೂ ಸ್ವಲ್ಪ ಸ್ವಲ್ಪವೇ ಅಲುಗಾಡುತ್ತದೆ. ಗೋಡೆಯಲ್ಲಿ ಓರೆಯಾಗಿ ಓಡುವ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಬಿರುಕು ಆ ಗೆರೆಗಳನ್ನು ದಾಟದಿದ್ದರೆ ಅದು ನಿಂತ ಬಿರುಕು, ತುಂಬಿ ಮುಚ್ಚಬಹುದು. ದಾಟಿದರೆ ಮೊದಲು ಎಂಜಿನಿಯರರಿಗೆ ತೋರಿಸಿ. ಅಷ್ಟು ಕಾಯುವ ವ್ಯವಧಾನವಿಲ್ಲದವರು ದೊಡ್ಡ ಹಾಸುಗಳ ಆಸೆ ಬಿಟ್ಟು ಸಣ್ಣ ಟೈಲ್ಸ್ ಹಾಕಿಸಲಿ: ಗೋಡೆ ಅಲುಗಿದಾಗ ನಾಲ್ಕಡಿಯ ಹಾಸು ನಡುವೆಯೇ ಸೀಳುತ್ತದೆ, ಸಣ್ಣ ಟೈಲ್ಸಿನಲ್ಲಿ ಹೆಚ್ಚಾಗಿ ಸಂದಿ ಬಿಡುತ್ತದೆ, ಮತ್ತು ಸಂದಿಯನ್ನು ಮತ್ತೆ ತುಂಬುವುದು ಅರ್ಧ ದಿನದ ಕೆಲಸ.

ಶಹಾಬಾದ್ ಕಲ್ಲು: ಮನೆಯಂಗಳದ ಸರಕು, ಆದರೆ ಹುಳಿಗೆ ಹೆದರುತ್ತದೆ

ಕಾಟೇಜ್ ಶೈಲಿಯ ಮೂಲ ಗುಣವೆಂದರೆ ಆ ಊರಿನಲ್ಲಿ ಸಿಗುವ ವಸ್ತುವಿನಿಂದ ಕಟ್ಟುವುದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹತ್ತಿರದ ಗಣಿಯ ಕಲ್ಲು, ಹತ್ತಿರದ ಕಾಡಿನ ಮರ ಬಳಸಿ ಕಟ್ಟಿದ ಬಡವರ ಮನೆಗಳಿಂದಲೇ ಆ ನೋಟ ಹುಟ್ಟಿದ್ದು. ಆ ಲೆಕ್ಕದಲ್ಲಿ ನಮಗೆ ಶಹಾಬಾದ್ ಫರಸಿಗಿಂತ ಸಹಜವಾದ ಸರಕಿಲ್ಲ. ಭೀಮಾ ಕಣಿವೆಯ ಈ ಸುಣ್ಣಕಲ್ಲು ಭೂಮಿಯಲ್ಲಿಯೇ ಪದರಪದರವಾಗಿ ಕೂತಿರುವುದರಿಂದ ಹಾಸುಹಾಸಾಗಿ ಎದ್ದು ಬರುತ್ತದೆ. ವಾಡಿ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ನೆಲೆಯೂರಿರುವುದೂ ಇದೇ ಕಲ್ಲಿನ ಆಸರೆಯಲ್ಲಿ. ಬೂದು, ನೀಲಿ ಬೆರೆತ ಬೂದು, ತುಸು ಹಳದಿ ಛಾಯೆ ಹೀಗೆ ಅದರ ಬಣ್ಣಗಳೆಲ್ಲ ಮಂದ. ಗಡಸು ನೀರಿನ ಬಿಳಿ ಚುಕ್ಕೆ ಬೂದು ಕಲ್ಲಿನ ಮೇಲೆ ಎದ್ದು ಕಾಣುವುದಿಲ್ಲ, ಆದ್ದರಿಂದ ಸಿಂಕಿನ ಹಿಂದೆ ಅದು ಒಳ್ಳೆಯ ಆಯ್ಕೆ.

ತೊಡಕಿರುವುದು ಹುಳಿಯಲ್ಲಿ. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆ, ನಿಂಬೆ, ಟೊಮ್ಯಾಟೊ, ಪುಂಡಿ ಪಲ್ಯ ಯಾವುದರ ಹುಳಿ ತಾಗಿದರೂ ಅದರ ಮೇಲ್ಪದರ ಕರಗುತ್ತದೆ. ಎರಡನೆಯ ಸಲ ಹಾಕಿಸುವ ಮುಂಚೆ ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ಪಾಲಿಶ್ ಮಾಡಿದ ಒಂದು ತುಂಡು, ಪಾಲಿಶ್ ಇಲ್ಲದ ಒಂದು ತುಂಡು ತಂದು, ಎರಡರ ಮೇಲೂ ಒಂದು ಕಡೆ ಕಿವುಚಿದ ಹುಣಸೆ, ಇನ್ನೊಂದು ಕಡೆ ಹಿಂಡಿದ ನಿಂಬೆಯ ಹೋಳು, ಮತ್ತೊಂದು ಕಡೆ ಅರಿಶಿನ ಕಲಸಿದ ಎಣ್ಣೆ ಇಟ್ಟು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ತೊಳೆದಾಗ ಪಾಲಿಶ್ ಕಲ್ಲಿನ ಮೇಲೆ ನಿಂಬೆಯ ಹೋಳಿನ ಗುಂಡು ಗುರುತು ಹಾಗೇ ಮೂಡಿತ್ತು: ಬಣ್ಣ ಹೋಗಿರಲಿಲ್ಲ, ಹೊಳಪು ಹೋಗಿತ್ತು, ಬೆರಳಾಡಿಸಿದರೆ ಆ ಜಾಗ ಮಾತ್ರ ಒರಟಾಗಿ ಹತ್ತುತ್ತಿತ್ತು. ಪಾಲಿಶ್ ಇಲ್ಲದ ತುಂಡಿನಲ್ಲಿ ಅದೇ ಗುರುತನ್ನು ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ಅರಿಶಿನದ ಎಣ್ಣೆ ಮಾತ್ರ ಎರಡರಲ್ಲೂ ಇಳಿದು ಕಲೆಯಾಗಿ ಉಳಿಯಿತು.

ಆ ಎರಡು ತುಂಡುಗಳಿಂದ ನನಗೆ ತೀರ್ಮಾನ ಸುಲಭವಾಯಿತು. ಡಾಡೋಗೆ ಫರಸಿ ಹಾಕುವುದಾದರೆ ಪಾಲಿಶ್ ಬೇಡ, ನಯವಾಗಿ ಉಜ್ಜಿಸಿದ ಮಂದ ಮೈ ಸಾಕು. ಒಲೆಯ ಹಿಂದೆ ಬೇಡವೇ ಬೇಡ. ಉಳಿದ ಕಡೆ ಹಾಕಿದ ಮೇಲೆ ಕಲ್ಲಿನೊಳಗೆ ಇಳಿಯುವ ಸೀಲರನ್ನು, ಅಂದರೆ ಕಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುವ ದ್ರವವನ್ನು, ಹಚ್ಚಿಸಿ. ಮೇಲೆ ಪೊರೆ ಕಟ್ಟುವ ಸೀಲರು ಬರಬರುತ್ತ ಸಿಪ್ಪೆಯೇಳಬಹುದು. ಸೀಲರು ಎಣ್ಣೆಯನ್ನು ತಡೆಯುತ್ತದೆಯೇ ಹೊರತು ಹುಳಿಯನ್ನಲ್ಲ ಎಂಬುದು ನೆನಪಿರಲಿ. ವರ್ಷಕ್ಕೊಮ್ಮೆ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹತ್ತು ನಿಮಿಷದೊಳಗೆ ಆ ಜಾಗ ಕಪ್ಪಾದರೆ ಮತ್ತೆ ಸೀಲರು ಹಚ್ಚುವ ಕಾಲ ಬಂದಿದೆ.

ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೆಲಕ್ಕೆ ಹಾಸುವ ಒಂದು ಇಂಚು ದಪ್ಪದ ಫರಸಿ ಚದರ ಅಡಿಗೆ ಸುಮಾರು 6 ಕಿಲೊ ತೂಗುತ್ತದೆ, ಎರಡಡಿ ಚೌಕದ ಒಂದು ಹಾಸೇ 24 ಕಿಲೊ. ಗೋಡೆಗೆ ಅರ್ಧ ಇಂಚಿನ ದಪ್ಪ ಸಾಕು. ಒಂದಡಿ ಎತ್ತರದ ಪಟ್ಟಿಗಳಾಗಿ ಕೊಯ್ಯಿಸಿ, ಅವುಗಳ ಬುಡ ಕಟ್ಟೆಯ ಮೇಲೆಯೇ ಕೂರುವಂತೆ ಮಾಡಿದರೆ ಭಾರವೆಲ್ಲ ಕಟ್ಟೆಗೆ ಇಳಿಯುತ್ತದೆ.

ಒಲೆಯ ಹಿಂದೆ ಮೆರುಗಿನ ಟೈಲ್ಸ್

ಎಣ್ಣೆ, ಅರಿಶಿನ, ಹುಳಿ ಮೂರನ್ನೂ ತಾಳುವುದು ಗಾಜಿನ ಮೆರುಗು ಕೊಟ್ಟು ಸುಟ್ಟ ಸಿರಾಮಿಕ್ ಟೈಲ್ಸ್. ಮೆರುಗು ಎಂದರೆ ಮೇಲೆ ಬಳಿದ ಬಣ್ಣವಲ್ಲ; ಬೆಂಕಿಯಲ್ಲಿ ಕರಗಿ ಮಣ್ಣಿನ ಮೈಗೆ ಬೆಸೆದುಕೊಂಡ ಗಾಜಿನ ಪದರ. ಅದರ ಬಾಳಿಕೆಯನ್ನು ನೋಡಬೇಕೆಂದರೆ ಬೀದರಿಗೆ ಹೋಗಿ ಬನ್ನಿ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯಲ್ಲಿ ಅಳಿದುಳಿದ ಹಸಿರು, ಹಳದಿ, ನೀಲಿ, ಬಿಳಿಯ ಟೈಲ್ಸ್ ಐದು ಶತಮಾನಗಳ ಬಿಸಿಲುಮಳೆಯಲ್ಲಿ ನಿಂತೂ ಇಂದಿಗೂ ಹೊಳೆಯುತ್ತವೆ. ಕೋಟೆಯೊಳಗಿನ ರಂಗೀನ್ ಮಹಲಿಗೆ ಆ ಹೆಸರು ಬಂದಿರುವುದೂ ಬಣ್ಣದ ಟೈಲ್ಸಿನಿಂದಲೇ. ನಮ್ಮ ಒಗ್ಗರಣೆ ಆ ಮಳೆಗಿಂತ ದೊಡ್ಡದಲ್ಲ.

ಕಾಟೇಜ್ ಶೈಲಿಯ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ, ಇಟ್ಟಿಗೆ ವರಸೆಯಲ್ಲಿ ಜೋಡಿಸಿದ 3 ಇಂಚು ಎತ್ತರ, 6 ಇಂಚು ಉದ್ದದ ಟೈಲಿಗೆ ‘ಸಬ್‌ವೇ’ ಎಂಬ ಹೆಸರು ಬಂದಿರುವುದು 1904ರಲ್ಲಿ ಆರಂಭವಾದ ನ್ಯೂಯಾರ್ಕಿನ ಸುರಂಗ ರೈಲಿನಿಂದ. ನೆಲದಡಿಯ ನಿಲ್ದಾಣಗಳು ಬೆಳಕಾಗಿ ಕಾಣಬೇಕು, ಒರೆಸಿದರೆ ಸ್ವಚ್ಛವಾಗಬೇಕು ಎಂಬ ಕಾರಣಕ್ಕೆ ಅಲ್ಲಿ ಅದನ್ನು ಹಾಕಿದ್ದರು. ಅದೇ ಗುಣ ಕಿಟಕಿ ಚಿಕ್ಕದಿರುವ ನಮ್ಮ ದಪ್ಪಗೋಡೆಯ ಅಡುಗೆಮನೆಗೂ ಒದಗುತ್ತದೆ. ಮೊರೊಕ್ಕೊದ ಕೈಕೆಲಸದ ಟೈಲ್ಸನ್ನು ಹೋಲುವ, ಅಲೆಯಲೆಯಾಗಿ ಹೊಳೆಯುವ ಸರಕೂ ಈಗ ಗುಜರಾತಿನ ಮೊರ್ಬಿಯಿಂದ ಬರುತ್ತದೆ. ನೋಟಕ್ಕೆ ಅದು ಬಹಳ ಚೆಂದ. ಆರಿಸುವಾಗ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ಅಲೆ ನುಣುಪಾಗಿ ಇಳಿದು ಏರುತ್ತಿದ್ದರೆ ತೆಗೆದುಕೊಳ್ಳಿ, ಬೆರಳ ತುದಿ ಸಿಕ್ಕಿಕೊಳ್ಳುವ ಕುಳಿಗಳಿದ್ದರೆ ಬಿಡಿ, ಅಲ್ಲಿ ಹಿಟ್ಟು ಕೂರುತ್ತದೆ. ಟೈಲನ್ನು ಬೆಳಕಿಗೆ ಓರೆ ಹಿಡಿದು ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ಎಂದೂ ನೋಡಿ. ಕೆಲವು ಟೈಲ್ಸಿಗೆ ಹಳೆಯ ನೋಟಕ್ಕಾಗಿ ಬೇಕೆಂದೇ ಅವನ್ನು ಬರಿಸಿರುತ್ತಾರೆ, ಒಲೆಯ ಹಿಂದೆ ಅರಿಶಿನ ಇಳಿಯುವುದು ಆ ಗೆರೆಗಳಲ್ಲೇ.

ವಿಟ್ರಿಫೈಡ್, ಅಂದರೆ ಮೈಯೆಲ್ಲ ಗಾಜಿನಂತೆ ಬಿಗಿಯುವವರೆಗೆ ಸುಟ್ಟ ಟೈಲ್ಸ್, ತೆಗೆದುಕೊಂಡರೆ ಗಟ್ಟಿ ಎಂದು ಅಂಗಡಿಯಲ್ಲಿ ಹೇಳಬಹುದು. ಅದು ನಿಜವೇ, ಅದರ ಮೈ ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟು (ಶೇ. 0.5) ನೀರನ್ನೂ ಹೀರುವುದಿಲ್ಲ. ಗೋಡೆಯ ಟೈಲ್ಸಿನ ಬೆನ್ನು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹೀರುತ್ತದೆ. ಆದರೆ ಗೋಡೆಯ ಮೇಲೆ ಯಾರೂ ನಡೆದಾಡುವುದಿಲ್ಲ, ಎಣ್ಣೆಯನ್ನು ತಡೆಯುವುದು ಮುಂದಿನ ಮೆರುಗು. ಹೀರದ ಬೆನ್ನಿಗೆ ಬರಿಯ ಸಿಮೆಂಟು ಹಿಡಿಯುವುದೂ ಇಲ್ಲ, ಟೈಲ್ಸ್ ಅಂಟೇ ಬೇಕು. ಹೆಚ್ಚಿನ ಹಣ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಉಳಿದ ಸರಕುಗಳು, ಚುಟುಕಾಗಿ

ಗ್ರಾನೈಟಿಗೆ ಹುಳಿಯ ಭಯವಿಲ್ಲ. ಯಾದಗಿರಿಯ ಕೋಟೆ ನಿಂತಿರುವುದೇ ಗ್ರಾನೈಟ್ ಬೆಟ್ಟದ ಮೇಲೆ, ಹೀಗಾಗಿ ಆ ಕಡೆಯವರಿಗೆ ಅದೂ ಮನೆಯ ಕಲ್ಲೇ. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟನ್ನು ಇಡೀ ಗೋಡೆಗೆ ಏರಿಸಿದರೆ ಹಳ್ಳಿಮನೆಯ ನೋಟ ಅಲ್ಲಿಗೆ ಮುಗಿಯಿತು. ಕಟ್ಟೆಯ ಕಲ್ಲಿನದೇ ನಾಲ್ಕಿಂಚಿನ ಪಟ್ಟಿ ಎಬ್ಬಿಸಿ ನಿಲ್ಲಿಸಿದರೆ ಸಾಕು. ಬೀದರಿನ ಕೆಂಪುಗಲ್ಲು ತೂತುತೂತಾಗಿರುವುದರಿಂದ ಒಣ ಗೋಡೆಯಲ್ಲಿ ಕಾಣುವಂತೆ ಬಿಡಬಹುದೇ ಹೊರತು ಒಲೆ, ಸಿಂಕುಗಳ ಹತ್ತಿರ ಅಲ್ಲ. ಗಿಲಾವಿಲ್ಲದ ಇಟ್ಟಿಗೆಗೂ ಇದೇ ಮಾತು. ತಮಿಳುನಾಡಿನ ಆತ್ತಂಗುಡಿಯ ಟೈಲ್ಸ್ ಬಣ್ಣದಲ್ಲಿ ಸೊಗಸು, ಆದರೆ ಅವು ಸುಟ್ಟವಲ್ಲ, ಸಿಮೆಂಟಿನವು. ಹುಳಿಗೂ ಎಣ್ಣೆಗೂ ಬೇಗ ಸೋಲುತ್ತವೆ. ಜೈಪುರದ ನೀಲಿ ಟೈಲು ನಾಲ್ಕೈದನ್ನು ಮಾಡದೊಳಗೋ ಹಲಗೆಯ ಮೇಲೋ ಕೂರಿಸಿದರೆ ಕಣ್ಣಿಗೆ ತಂಪು.

ಚಿತ್ರಗಳಲ್ಲಿ ಕಾಣುವ, ಉದ್ದುದ್ದ ಗೀರಿನ ಮರದ ಹಲಗೆಯ ಡಾಡೋ ನಮ್ಮಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಅದು ಸೊರಗಿ ಸಂದಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಒರಲೆಯ ಭಯ ಬೇರೆ. ಒಲೆಯ ಹಿಂದೆಯಂತೂ ಅಪಾಯವೇ. ಮರವೇ ಬೇಕೆನ್ನುವವರು ಒಣ ಪಾಲಿನ ಹಲಗೆಗಳಲ್ಲಿ ಆ ಆಸೆ ತೀರಿಸಿಕೊಳ್ಳಲಿ. ಪಿವಿಸಿ ಹಾಳೆ, ಅಂಟಿಸುವ ಸ್ಟಿಕ್ಕರುಗಳು ಒಲೆಯ ಝಳಕ್ಕೆ ಮೆತ್ತಗಾಗಿ ಅಂಚು ಬಿಚ್ಚುತ್ತವೆ. ಹದಗೊಳಿಸಿದ ಗಾಜು ಒರೆಸಲು ಎಲ್ಲಕ್ಕಿಂತ ಸುಲಭ, ಆದರೆ ಸ್ವಿಚ್ಚಿನ ತೂತುಗಳನ್ನೆಲ್ಲ ಹದಗೊಳಿಸುವ ಮುಂಚೆಯೇ ಕೊರೆಸಬೇಕು, ಮತ್ತು ಅದು ಎಷ್ಟಾದರೂ ಹಳ್ಳಿಮನೆಯ ವಸ್ತುವಲ್ಲ.

ಮಾದರಿಯನ್ನು ಮನೆಗೆ ತನ್ನಿ

ಎರಡೋ ಮೂರೋ ಸರಕಿಗೆ ಬಂದು ನಿಂತ ಮೇಲೆ ಒಂದೊಂದು ತುಂಡನ್ನು ಮನೆಗೆ ತಂದು, ಒಲೆಯ ಹಿಂದೆ ಗೋಡೆಗೆ ಒರಗಿಸಿ ಒಂದು ವಾರ ಅಡುಗೆ ಮಾಡಿ. ತೊಳೆಯುವುದನ್ನು ದಿನವೂ ತಿಕ್ಕುವವರ ಕೈಗೇ ಬಿಡಿ, ಏಕೆಂದರೆ ಅವರ ಮಾತಿಗಿಂತ ಬೆಲೆಯುಳ್ಳ ಅಭಿಪ್ರಾಯ ಬೇರೊಂದಿಲ್ಲ. ಅಂಗಡಿಯ ಬಿಳಿ ದೀಪದ ಕೆಳಗೆ ಕೆನೆಬಣ್ಣವಾಗಿ ಕಂಡದ್ದು ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕುಕ್ಕುವ ಬಿಳಿಯಾಗಬಹುದು. ಹಾಗಾಗಿ ಹಗಲೂ ನೋಡಿ, ರಾತ್ರಿ ನಿಮ್ಮದೇ ದೀಪದಲ್ಲೂ ನೋಡಿ.

ಸಂದಿಯೂ ಒಂದು ಸರಕೇ

ನನ್ನ ಮೊದಲ ಡಾಡೋ ಕೆಟ್ಟದ್ದು ಅರ್ಧ ಸಂದಿಯಿಂದ. ಸಿಮೆಂಟಿನ ಸಂದಿ ಎಣ್ಣೆ ಹೀರುತ್ತದೆ, ಬಿಳಿಯದಾದರೆ ಹೀರಿದ್ದನ್ನೆಲ್ಲ ತೋರಿಸುತ್ತದೆ. ಮೆರುಗಿನ ಟೈಲ್ಸಿನ ಸಂದಿಗೆ ಎಪಾಕ್ಸಿ, ಅಂದರೆ ಎಣ್ಣೆ ಹೀರದ ರಾಳ, ತುಂಬಿಸಿ, ಬಣ್ಣ ಬೂದಿಯದೋ ತೊಗರಿ ಹೊಟ್ಟಿನದೋ ಇರಲಿ. ಅಂಚು ನೇರವಿರುವ ಟೈಲ್ಸಿಗೆ 2 ಮಿಲಿಮೀಟರ್, ಕೈಕೆಲಸದಂತೆ ಅಂಕುಡೊಂಕಾದುದಕ್ಕೆ 3 ಮಿಲಿಮೀಟರ್ ಸಂದಿ ಬೇಕು. ಒರಟು ಫರಸಿಯ ನಡುವೆ ಮಾತ್ರ ಎಪಾಕ್ಸಿ ಬೇಡ. ಕಲ್ಲಿನ ಮೈಗೆ ಮೆತ್ತಿದ್ದು ಒಣಗಿದರೆ ತೆಗೆಯಲಾಗುವುದಿಲ್ಲ. ಅಲ್ಲಿ ಬೂದು ಸಿಮೆಂಟು ತುಂಬಿ, ಕಲ್ಲಿನ ಜೊತೆಗೇ ಅದಕ್ಕೂ ಸೀಲರು ಹಚ್ಚಿಸಬಹುದು.

ಲೆಕ್ಕ, ಕೂಡಿಸುವಿಕೆ, ಕಾಲ

ಹತ್ತಡಿ ಉದ್ದದ ಕಟ್ಟೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಲೆಯ ಪಾಲು ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರ, ಅಂದರೆ 10 ಚದರ ಅಡಿ. 3 ಇಂಚು, 6 ಇಂಚಿನ ಟೈಲು ಚದರ ಅಡಿಗೆ 8 ಹಿಡಿಯುವುದರಿಂದ 80 ಟೈಲು. ಒಡೆಯುವುದಕ್ಕೆ, ಕೊಯ್ಯುವುದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿದರೆ 88. ಉಳಿದ ಆರಡಿಗೆ ಒಂದಡಿ ಎತ್ತರದ ಫರಸಿ, 6 ಚದರ ಅಡಿ. ಅದರ ಮೇಲೆಲ್ಲ ಸುಣ್ಣ. ಇಡೀ ಗೋಡೆಗೆ ಒಂದೇ ಟೈಲ್ಸ್ ಹಾಕಿದ್ದರೆ 20 ಚದರ ಅಡಿಗೂ ಹೆಚ್ಚು ಬೇಕಾಗುತ್ತಿತ್ತು. ಹೀಗೆ ಪಾಲು ಮಾಡಿದ್ದರಿಂದ ಉಳಿದ ಹಣದಲ್ಲಿ ಒಲೆಯ ಹಿಂದೆ ಒಂದು ಮಟ್ಟ ಮೇಲಿನ ಟೈಲ್ಸ್ ತರಬಹುದು.

ಅರ್ಧ ಇಂಚಿನ ಕಲ್ಲು, ಅದಕ್ಕಿಂತ ತೆಳುವಾದ ಟೈಲು ಪಕ್ಕಪಕ್ಕ ಬರುವ ಕಡೆ ಮೆಟ್ಟಿಲು ಬೀಳದಂತೆ ಟೈಲ್ಸಿನ ಹಿಂದಿನ ಗಿಲಾವನ್ನು ಮೊದಲೇ ತುಸು ದಪ್ಪ ಮಾಡಲು ಗೌಂಡಿಗೆ ಹೇಳಿ. ಕೆಲಸ ಮುಗಿದ ಮೇಲೆ ಇದನ್ನು ಸರಿಪಡಿಸಲಾಗದು. ಸ್ವಿಚ್ಚುಗಳ ಜಾಗವನ್ನೂ ಆಗಲೇ ಗೊತ್ತುಮಾಡಿ, ಒಲೆಯ ನೇರಕ್ಕೆ ಒಂದೂ ಬರದಂತೆ ನೋಡಿಕೊಳ್ಳಿ. ಗೋಡೆಗೆ ಹಚ್ಚುವ ಮುಂಚೆ ಟೈಲ್ಸನ್ನು ನೆಲದ ಮೇಲೆ ಜೋಡಿಸಿಸಿ, ಒಲೆಯ ನಡುವಿನಿಂದ ಎಡಬಲಕ್ಕೆ ಸರಿಸಮವಾಗಿ ಹೊರಟರೆ ತುದಿಗಳಲ್ಲಿ ಬೆರಳಗಲದ ಚೂರು ಬರುವುದಿಲ್ಲ. ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ಬೆನ್ನಿಗೆ ಎಳೆಯಬೇಕು. ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಉಂಡೆ ಇಟ್ಟು ಒತ್ತುವ ಪದ್ಧತಿಯಲ್ಲಿ ಒಳಗೆ ಪೊಳ್ಳು ಉಳಿದು, ಪಾತ್ರೆ ತಾಗಿದ ದಿನ ಟೈಲು ಸೀಳುತ್ತದೆ.

ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸ ಹಿಡಿಯದಿರುವುದು ಒಳ್ಳೆಯದು, ಏಕೆಂದರೆ ಕಲಸಿದ ಅಂಟು ಗೋಡೆ ಮುಟ್ಟುವ ಮುಂಚೆಯೇ ಬಿಗಿಯುತ್ತದೆ, ಎಪಾಕ್ಸಿಯನ್ನು ಒರೆಸಲು ಸಮಯ ಸಿಗುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಬೆಳಗಿನ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ ಮಾಡಿಸಿ.

ಕೊನೆಯ ಕಂತಿನ ಹಣ ಕೊಡುವ ಮುಂಚೆ ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ ತೆಗೆಸಿ ಹಚ್ಚಿಸಿ. ಒಡೆಯದೆ ಉಳಿದ ಟೈಲುಗಳನ್ನು ಅವುಗಳ ಡಬ್ಬಿಯೊಳಗೇ ಇಟ್ಟು ಅಟ್ಟದ ಮೇಲೆ ಹಾಕಿ, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಹರಿಯದಿರಲಿ. ಎರಡು ವರ್ಷದ ನಂತರ ಅದೇ ಹೆಸರಿನ ಟೈಲ್ಸ್ ಸಿಕ್ಕರೂ ಅದೇ ಛಾಯೆ ಸಿಗುವುದಿಲ್ಲ.